ಎರಡು ಚೀಟಿ ಇದ್ರ ಗೆರಿ ಸಿಗ್ತದ

ಮೆಂತ್ಯಹಿಟ್ಟಿನ ಹದ, ಹಪ್ಪಳದ ಖಾರ, ಮಳಿಗಾಲದಾಗ ಬ್ಯಾಳಿಗೆ ಹುಳ ಹತ್ತಲಾರದಂಗ ಇಡೂದು ಹೆಂಗ, ಇವನ್ನೆಲ್ಲಾ ಬರದಾಕಿ ಈ ಸಲ ಗಣಿತದ ಮ್ಯಾಲ ಬರೀಲಿಕತ್ತಾಳ ಅಂತ ನಗಬ್ಯಾಡ್ರಿ. ನಮ್ಮ ವೈನಿಗೆ ಫೋನಿನ್ಯಾಗ ಹೇಳಿದ್ದಕ್ಕ "ಯಾಕವಾ, ಅಡಗಿ ಎಲ್ಲಾ ತೀರಿ ಹೋದ್ವೇನು?" ಅಂದ್ರು. ಅಡಗಿ ತೀರಿಲ್ಲ. ಆದ್ರ ಈ ವರ್ಷ ನನ್ನ ಕೈಗೆ ಒಂದು ಲೆಕ್ಕ ಸಿಕ್ಕದ, ಅದು ಒಬ್ಬಾಕಿಯ ರೊಕ್ಕಾನೂ ಉಳಿಸೇದ. ನಿಮ್ಮ ಮನಿಗೂ ಉಪಯೋಗಕ್ಕ ಬರ್ತದ. ಒಂದು ಹಾಳಿ, ಒಂದು ಪೆನ್ನು ತಗೊಂಡು ಕೂಡ್ರಿ.

ಲೆಕ್ಕದ ಹೆಸರು ಸರಳರೇಖೆಯ ಸಮೀಕರಣ. ಹೆಸರು ಕೇಳೇ ಪುಟ ಮುಚ್ಚಬ್ಯಾಡ್ರಿ. ನಂದೂ ಪಿಯುಸಿ ಆರ್ಟ್ಸು. ಇತಿಹಾಸ, ಸಮಾಜಶಾಸ್ತ್ರ ಓದಿದಾಕಿ ನಾನು, ಎಸ್ಸೆಸೆಲ್ಸಿ ಪರೀಕ್ಷಾ ಮುಗದ ದಿನಾನ ಗಣಿತಕ್ಕ ಕೈ ಮುಗದಿದ್ದೆ. ಈಗ ನಮ್ಮ ತಂಗಿ ಮಗಳು ನಮ್ಮ ಮನ್ಯಾಗ ಇದ್ದು ಪಿಯುಸಿ ಮೊದಲನೇ ವರ್ಷ ಸೈನ್ಸ್ ಓದ್ತಾಳ. ರಾತ್ರಿ ಊಟ ಆದ ಮ್ಯಾಲ ಆಕಿ ಡೈನಿಂಗ್ ಟೇಬಲ್ ಮ್ಯಾಲ ಪುಸ್ತಕ ಹರವಿಕೊಂಡು ಗಟ್ಟಿಯಾಗಿ ಓದೂದು, ನಾನು ಮರುದಿನದ ಸಲುವಾಗಿ ಬಳ್ಳೊಳ್ಳಿ ಸುಲಿಯೂದು, ಹಿಂಗ ನಡದದ. "ವೈ ಈಕ್ವಲ್ಸ್ ಎಂ ಎಕ್ಸ್ ಪ್ಲಸ್ ಸಿ" ಅನ್ನೂದನ್ನ ಕೇಳಿ ಕೇಳಿ ನನಗ ಅದು ಮಂತ್ರದಂಗ ಬಾಯಿಪಾಠ ಆಗಿಬಿಟ್ಟಿತ್ತು. ಒಂದು ದಿನ ಕೇಳೇಬಿಟ್ಟೆ: "ಆ ಎಂ ಅಂದ್ರ ಯಾರವಾ? ಸಿ ಅಂದ್ರ ಯಾರು?"

"ಮೌಶಿ, ಎಂ ಅಂದ್ರ ಸ್ಲೋಪ್. ಇಳಿಜಾರು" ಅಂದ್ಲು.

ಇಳಿಜಾರು ಅಂದ ಕೂಡಲೆ ನನಗ ಗೌಂಡಿ ನೆನಪಾದ. ಇಳಕಲಾ ಗೊತ್ತಿಲ್ಲದ ಹೆಣ್ಣುಮಕ್ಕಳು ಯಾರಿದ್ದಾರ? ಬಚ್ಚಲಾಗ ನೀರು ನಿಂತ್ರ ಗೌಂಡಿಗೆ ಬೈಯೂದು ನಾವ. ನಮ್ಮ ಮಾಳಗಿ ಮೆಟ್ಟಲಾ ತಗೋರಿ. ಒಂದೊಂದು ಮೆಟ್ಟಲಾ ಮುಂದಕ್ಕ 12 ಇಂಚು, ಮ್ಯಾಲಕ್ಕ 6 ಇಂಚು. ಏರಿದ್ದನ್ನ ಮುಂದ ಹೋದದ್ದರಿಂದ ಭಾಗಿಸಿದ್ರ 6 ಭಾಗಿಸು 12, ಅರ್ಧ ಬಂತು. ಅದ ಆ ಮೆಟ್ಟಲದ ಇಳಿಜಾರು. ನಮ್ಮ ಅತ್ತಿಯವರ ಗಾಲಿಕುರ್ಚಿ ಸಲುವಾಗಿ ಮುಂದಿನ ಬಾಗಲಿಗೆ ಇಳಕಲಾ ಕಟ್ಟಿಸಿದಾಗ ಒಂದು ಫೂಟು ಏರಲಿಕ್ಕೆ 12 ಫೂಟು ಉದ್ದ ಬಿಡಬೇಕು ಅಂದಿದ್ರು. ಗಾಲಿಕುರ್ಚಿಗೆ ಅದ ಅಳತಿ, 1ಕ್ಕ 12. ಅಂದ್ರ ಅದರ ಇಳಿಜಾರು ಹನ್ನೆರಡರಾಗಿನ ಒಂದು ಪಾಲು. ಮೆಟ್ಟಲದ್ದು ಅರ್ಧ, ಅದಕ್ಕ ಏರಿದ್ರ ಏದುಸಿರು ಬರ್ತದ.

ಇದರಾಗ ಒಂದು ಮಾತು ಗಟ್ಟಿಯಾಗಿ ಹಿಡಕೋಬೇಕು. ಮೆಟ್ಟಲದಾಗ ಯಾವ ಎರಡು ಮೆಟ್ಟಲಾ ಆರಿಸಿಕೊಂಡ್ರೂ ಉತ್ತರ ಒಂದ. 2ನೇ ಮೆಟ್ಟಲಾದಿಂದ 5ನೇದಕ್ಕ ಹೋದ್ರ ಮ್ಯಾಲಕ್ಕ 18 ಇಂಚು, ಮುಂದಕ್ಕ 36 ಇಂಚು. ಮತ್ತ ಅರ್ಧಾನ. ಎಲ್ಲೆ ಅಳದ್ರೂ ಇಳಿಜಾರು ಬದಲಾಗೂದಿಲ್ಲ ಅಂದ್ರ ಅದು ನೆಟ್ಟಗಿನ ಗೆರಿ. ಬದಲಾತು ಅಂದ್ರ ಗೆರಿ ಬಾಗೇದ, ಇಲ್ಲಾ ಗೌಂಡಿ ಕುಡದು ಬಂದಿದ್ದ.

ಇನ್ನ ಸಿ ಅಂದ್ರ ಏನು? ಅದು ಶುರುವಿನ ಸಂಖ್ಯೆ. ಲೆಕ್ಕ ಇನ್ನೂ ಒಂದು ಹೆಜ್ಜಿನೂ ನಡದಿಲ್ಲ, ಎಕ್ಸ್ ಇನ್ನೂ ಸೊನ್ನಿ, ಆವಾಗ ಕೈಯಾಗ ಎಷ್ಟಿತ್ತು ಅನ್ನೂದು ಸಿ. ಒಂದೊಂದು ಹೆಜ್ಜಿಗೆ ಎಷ್ಟು ಏರ್ತದ ಇಲ್ಲಾ ಇಳೀತದ ಅನ್ನೂದು ಎಂ. ಎಕ್ಸ್ ಅಂದ್ರ ಎಷ್ಟು ಹೆಜ್ಜಿ ಆದ್ವು. ವೈ ಅಂದ್ರ ಈಗ ಒಟ್ಟು ಎಷ್ಟು. ಇಷ್ಟ. ನಮ್ಮ ಭಾಷಾದಾಗ ಹೇಳೂದಾದ್ರ, "ಶುರುವಿಗೆ ಇಷ್ಟು, ಆಮ್ಯಾಲ ಒಂದೊಂದಕ್ಕ ಇಷ್ಟಿಷ್ಟು". ಇದನ್ನ ಹಾಳಿ ಮ್ಯಾಲ ಅಡ್ಡಗೆರಿ ಉದ್ದಗೆರಿ ಹಾಕಿ ಚಿತ್ರ ಮಾಡಿದ್ರ ನೆಟ್ಟಗಿನ ಗೆರಿ ಬರ್ತದ. ಹಿಂಗ ಸಂಖ್ಯೆಗೂ ಗೆರಿಗೂ ಗಂಟು ಹಾಕಿ ತೋರಿಸಿದ ಪುಸ್ತಕ ಫ್ರಾನ್ಸಿನ ಡೆಕಾರ್ಟ್ ಅನ್ನಾಂವ 1637ರಾಗ ಅಚ್ಚು ಹಾಕಿಸಿದ್ದು ಅಂತ ನಮ್ಮ ಹುಡುಗಿ ಹೇಳಿದ್ಲು.

ನಾನು ಮೊದಲು ಇದನ್ನ ಸಿಲಿಂಡರಿನ ಮ್ಯಾಲ ಮಾಡಿ ನೋಡಿದೆ. ಮನಿಗೆ ಬರೋ ಸಿಲಿಂಡರಿನ್ಯಾಗ ಗ್ಯಾಸು 14.2 ಕಿಲೋ. ಖಾಲಿ ಸಿಲಿಂಡರಿನ ತೂಕ ಅದರ ಮ್ಯಾಲ ಬರದಿರ್ತದ, ನಮ್ಮದರ ಮ್ಯಾಲ 15.8 ಅಂತಿತ್ತು. ಹಚ್ಚಿ 5 ದಿನ ಆದ ಮ್ಯಾಲ ರೆಗ್ಯುಲೇಟರ್ ಬಂದ್ ಮಾಡಿ, ತಗದು, ನಾವು ತೂಕ ನೋಡಿಕೊಳ್ಳೋ ಮಷೀನಿನ ಮ್ಯಾಲ ಇಬ್ಬರೂ ಹಿಡದು ಇಟ್ವಿ. 27.5 ಕಿಲೋ. ಮತ್ತ 17ನೇ ದಿನ ಇಟ್ವಿ. 21.5 ಕಿಲೋ. ನಮ್ಮ ಯಜಮಾನರು "ಸಿಲಿಂಡರಿಗೂ ಡಯೆಟ್ ಹಚ್ಚೀದೇನು?" ಅಂತ ನಕ್ಕರು. ನಗಲಿ ಬಿಡ್ರಿ.

ಈಗ ಲೆಕ್ಕ ನೋಡ್ರಿ. 5ರಿಂದ 17ಕ್ಕ 12 ದಿನ. 27.5ರಿಂದ 21.5ಕ್ಕ 6 ಕಿಲೋ ಇಳೀತು. 6ನ್ನ 12ರಿಂದ ಭಾಗಿಸಿದ್ರ ದಿನಕ್ಕ ಅರ್ಧ ಕಿಲೋ. ಇಳದದ್ದಕ್ಕ ಮುಂದ ಮೈನಸ್ ಗುರ್ತು ಹಾಕಬೇಕು, ಎಂ ಅಂದ್ರ ಮೈನಸ್ 0.5. ಎಂ ಸಿಕ್ತು. ಸಿ ಬೇಕಲ್ಲ? ಹಿಂದಕ್ಕ ನಡೀರಿ. 5ನೇ ದಿನ 27.5 ಇತ್ತು, ಅದಕ್ಕಿಂತ ಮೊದಲು 5 ದಿನದಾಗ ಎರಡೂವರಿ ಕಿಲೋ ಸುಟ್ಟಿರಬೇಕು. 27.5ಕ್ಕ 2.5 ಕೂಡಿಸಿದ್ರ 30. ಬಂದ ದಿನ ಸಿಲಿಂಡರ್ 30 ಕಿಲೋ ಇತ್ತು ಅಂತಾತು. ಈಗ 15.8ಕ್ಕ 14.2 ಕೂಡಿಸಿ ನೋಡ್ರಿ, 30 ಬರ್ತದಿಲ್ಲೋ? ಅಂದ್ರ ನಮಗ ಬಂದ ಸಿಲಿಂಡರಿನ್ಯಾಗ ಗ್ಯಾಸು ಪೂರಾ ಇತ್ತು. ಬಂದ ದಿನ ನಾನು ತೂಕಾನ ಮಾಡಿರಲಿಲ್ಲ. ಆದ್ರೂ ಆ ದಿನದ ತೂಕ ನನಗ ಗೊತ್ತಾತು.

ಸಮೀಕರಣ ಆತು: ವೈ = 30 − 0.5 ಎಕ್ಸ್. ಮುಂದಕ್ಕೂ ನಡೀಬಹುದು. ಗ್ಯಾಸು 14.2 ಕಿಲೋ, ದಿನಕ್ಕ ಅರ್ಧ, ಅಂದ್ರ 28 ದಿನದ ಮ್ಯಾಲ ತುಸು. 28ನೇ ದಿನ ರಾತ್ರಿ ಸಾರು ಕುದಸ್ಲಿಕ್ಕೆ ಇಟ್ಟಾಗ ಉರಿ ಸಣ್ಣಾಗಲಿಕ್ಕೆ ಹತ್ತಿತು. ಇನ್ನೊಂದು ಸಿಲಿಂಡರು ನಾನು ಮೊದಲ ತರಿಸಿ ಇಟ್ಟಿದ್ದೆ. ಯಜಮಾನರು ಏನೂ ಅನ್ನಲಿಲ್ಲ, ಸುಮ್ಮನ ಸಾರು ಉಂಡ್ರು.

ಇದು ಗಮ್ಮತ್ತಿನ ಮಾತಾತು. ಖರೆ ಹೇಳಬೇಕಾದದ್ದು ಈಗ ಬರ್ತದ.

ನಮ್ಮ ಓಣಿಯಾಗ ನಾಕೈದು ಮನಿಗೆ ರೊಟ್ಟಿ ಮಾಡಿ ಕೊಡಾಕಿ ಒಬ್ಬಾಕಿ ಇದ್ದಾಳ. ಆಕಿ ಹೆಸರು ಬ್ಯಾಡ, ನಮ್ಮ ಓಣಿಯವರಿಗೆ ಗೊತ್ತಾಗ್ತದ. ಮಗಳ ಬಾಣಂತನಕ್ಕ ಅಂತ ತನ್ನ ಓಣಿಯಾಗ ಬಡ್ಡಿಗೆ ರೊಕ್ಕಾ ಕೊಡೋ ಒಬ್ಬಾಕಿ ಕಡಿಂದ 20,000 ತಗೊಂಡಿದ್ಲು. ಕೈಯಾಗ ಎಣಿಸಿ 20,000 ಕೊಟ್ಟಾಳ, ಖರೆ. ಬಡ್ಡಿ ತಿಂಗಳಿಗೆ ನೂರಕ್ಕ ಮೂರು ರೂಪಾಯಿ ಅಂತ ಬಾಯಿಮಾತು. ನಡುವ ಏನೂ ಕಟ್ಟೂದಿಲ್ಲ, ವರ್ಷ ತುಂಬಿದಾಗ ಭಿಶಿ ರೊಕ್ಕಾ ಬರ್ತದ, ಆವಾಗ ಅಸಲು ಬಡ್ಡಿ ಒಮ್ಮೆಲೆ ತೀರಸೂದು. ಈಕಿ ಕೇಳಿದಾಗೊಮ್ಮೆ ಆಕಿ ಒಂದು ಚೀಟಿ ಮ್ಯಾಲ "ಇಲ್ಲೀತನಕ ಒಟ್ಟು ಇಷ್ಟು" ಅಂತ ಬರದು ಕೊಡ್ತಿದ್ಲು. ಅಂಥಾವು ಮೂರು ಚೀಟಿ ಇದ್ದವು. ಜಗಲಿ ಮ್ಯಾಲಿನ ಕುಂಕುಮದ ಭರಣಿ ಕೆಳಗ ಮಡಚಿ ಇಟ್ಟಿದ್ಲಂತ.

ಒಂದು ದಿನ ರೊಟ್ಟಿ ಬಡೀತಾ ಬಡೀತಾ ಕಣ್ಣಾಗ ನೀರು ತಂದ್ಲು. "ಅಕ್ಕಾರ, ಹನ್ನೊಂದು ತಿಂಗಳಿಗೆ ಇಪ್ಪತ್ತೊಂಬತ್ತು ಸಾವಿರದ ನಾಕನೂರು ಆಗೈತಿ ಅಂತಾಳ್ರಿ. ಭಿಶಿ ರೊಕ್ಕಾ ಇಪ್ಪತ್ತೆಂಟು ಸಾವಿರ ಬರೂದು. ಹೆಚ್ಚಿಗಿ ಹಾಕ್ಯಾಳ ಅಂತ ಅನಸ್ತೈತ್ರಿ, ಆದ್ರ ಏನಂತ ಕೇಳಲಿ? ನನಗ ಲೆಕ್ಕ ಬರಂಗಿಲ್ಲ."

"ಚೀಟಿ ತಗೊಂಡು ಬಾ" ಅಂದೆ.

4ನೇ ತಿಂಗಳ ಚೀಟಿ 23,800. 9ನೇ ತಿಂಗಳ ಚೀಟಿ 27,800. 11ನೇ ತಿಂಗಳ ಚೀಟಿ 29,400. ಮೂರ ಸಂಖ್ಯೆ. ಬಡ್ಡಿ ಎಷ್ಟು, ಅಸಲು ಎಷ್ಟು, ಯಾವುದರ ಮ್ಯಾಲೂ ಬರದಿಲ್ಲ.

ಮೊದಲು ಸಾದಾ ಲೆಕ್ಕ ಮಾಡಿದ್ವಿ. 20,000ಕ್ಕ ನೂರಕ್ಕ ಮೂರರಂತೆ ತಿಂಗಳಿಗೆ 600. 4 ತಿಂಗಳಿಗೆ 22,400 ಆಗಬೇಕು, ಚೀಟಿಯಾಗ 1,400 ಹೆಚ್ಚದ. 9 ತಿಂಗಳಿಗೆ 25,400 ಆಗಬೇಕು, ಚೀಟಿಯಾಗ 2,400 ಹೆಚ್ಚದ. ಹೆಚ್ಚು ಅನ್ನೂದೇನೋ ಗೊತ್ತಾತು. ಆದ್ರ 1,400 ಯಾಕ, 2,400 ಯಾಕ? ನಾಕು ತಿಂಗಳಿಗೆ 1,400 ಅಂದ್ರ ತಿಂಗಳಿಗೆ 350 ಆತು. ಒಂಬತ್ತಕ್ಕ 2,400 ಅಂದ್ರ ತಿಂಗಳಿಗೆ 267ರ ಹತ್ತಿರ. ಒಂದಕ್ಕೊಂದು ತಾಳ ಇಲ್ಲ. ಹಿಂಗ ಹೋಗಿ ಕೇಳಿದ್ರ ಆ ಬಾಯಿ ಒಂದು ಹೇಳ್ತಾಳ, ಈಕಿ ಬಾಯಿ ಮುಚ್ಚಿಕೊಂಡು ಬರ್ತಾಳ.

ಆವಾಗ ಹುಡುಗಿ ಗ್ರಾಫ್ ಹಾಳಿ ತಂದ್ಲು. ಅಡ್ಡಗೆರಿ ಮ್ಯಾಲ ತಿಂಗಳಾ, ಉದ್ದಗೆರಿ ಮ್ಯಾಲ ರೂಪಾಯಿ. 4ಕ್ಕ ನೇರ 23,800ರ ಎತ್ತರಕ್ಕ ಒಂದು ಚುಕ್ಕಿ, 9ಕ್ಕ ನೇರ 27,800ರ ಎತ್ತರಕ್ಕ ಒಂದು ಚುಕ್ಕಿ. ರಂಗೋಲಿ ಹಾಕಿದಂಗ. ನಾವು ರಂಗೋಲಿ ಚುಕ್ಕಿ ಕೂಡಿಸ್ತೀವಲ್ಲ, ಹಂಗ ಪಟ್ಟಿ ಇಟ್ಟು ಕೂಡಿಸಿ, ಗೆರಿ ಎಡಕ್ಕ ಎಳದಳು, ಉದ್ದಗೆರಿಗೆ ಮುಟ್ಟೋತನಕ.

ಲೆಕ್ಕ ಹಾಳಿ ಪಕ್ಕಕ್ಕ ಮಾಡಿದ್ವಿ. 4ರಿಂದ 9ಕ್ಕ 5 ತಿಂಗಳು. 23,800ರಿಂದ 27,800ಕ್ಕ 4,000 ಏರೇದ. 4,000ನ್ನ 5ರಿಂದ ಭಾಗಿಸಿದ್ರ 800. ಇಳಿಜಾರು 800! ತಿಂಗಳಿಗೆ 600 ಅಲ್ಲ, 800 ಹತ್ತಲಿಕತ್ತದ. ಅಂದ್ರ ಬಡ್ಡಿ ನೂರಕ್ಕ ಮೂರಲ್ಲ, ನಾಕು.

ಇನ್ನ ಹಿಂದಕ್ಕ ನಡದ್ವಿ. 4ನೇ ತಿಂಗಳಿಗೆ 23,800 ಆಗಿತ್ತು. ನಾಕು ತಿಂಗಳ 800ರಂತೆ 3,200. ಅದನ್ನ ಕಳದ್ರ 20,600. ಗೆರಿ ಉದ್ದಗೆರಿಗೆ ಮುಟ್ಟಿದ್ದೂ ಅಲ್ಲೇ. ಕೊಟ್ಟದ್ದು 20,000, ಲೆಕ್ಕ ಶುರು ಆದದ್ದು 20,600ರಿಂದ. ತಗೊಂಡ ದಿನಾನ, ಒಂದು ದಿನದ ಬಡ್ಡಿನೂ ಹತ್ತಲಾರದ ಮೊದಲ, 600 ರೂಪಾಯಿ ಕೂಡಿಸಿಟ್ಟಾಳ. ಸಮೀಕರಣ ಬರದ್ವಿ: ವೈ = 800 ಎಕ್ಸ್ + 20,600. ಆಗಬೇಕಾದದ್ದು ವೈ = 600 ಎಕ್ಸ್ + 20,000.

ಆವಾಗ 1,400ರ ಗುಟ್ಟು ಒಡೀತು. ಅದರಾಗ 600 ಒಮ್ಮೆ ಹಾಕಿದ್ದು, ಉಳದ 800 ಅಂದ್ರ ತಿಂಗಳಿಗೆ 200ರಂತೆ ನಾಕು ತಿಂಗಳದ್ದು. 2,400ರಾಗೂ ಅದ 600, ಮತ್ತ 200ರಂತೆ ಒಂಬತ್ತು ತಿಂಗಳ 1,800. ಎರಡು ಥರದ ಹೆಚ್ಚುವರಿ ಒಂದರಾಗೊಂದು ಬೆರತಿದ್ದವು. ಒಂದು ಚೇಳು ಕಡದಂಗ, ಒಮ್ಮೆ ಕಡದು ಹೋತು. ಇನ್ನೊಂದು ತಿಗಣಿ, ದಿನಾ ಕಡೀತದ. ಎರಡೂ ಕೂಡೇ ಇದ್ರ ಬರೇ ತುರಿಕಿ ಗೊತ್ತಾಗ್ತದ, ಯಾವುದು ಕಡೀತು ಗೊತ್ತಾಗೂದಿಲ್ಲ. ಬಡ್ಡಿ ಹೆಚ್ಚು ಹಾಕಿದ್ದು ಎಂ ಒಳಗ ಸಿಗ್ತದ, ಶುರುವಿಗೇ ಕೂಡಿಸಿದ್ದು ಸಿ ಒಳಗ ಸಿಗ್ತದ. ಈ ಲೆಕ್ಕದ ಖರೆ ಉಪಯೋಗ ಇದ.

ಮೂರನೇ ಚೀಟಿ ಯಾಕ ಬೇಕು ಅಂದ್ರ, ಪರೀಕ್ಷಾ ಮಾಡ್ಲಿಕ್ಕೆ. ಯಾವ ಎರಡು ಚುಕ್ಕಿ ಇದ್ರೂ ಪಟ್ಟಿ ಇಟ್ಟು ಗೆರಿ ಎಳೀಬಹುದು, ಅದರಾಗ ದೊಡ್ಡಸ್ತಿಕಿ ಇಲ್ಲ. ಮೂರನೇ ಚುಕ್ಕಿ ಅದ ಗೆರಿ ಮ್ಯಾಲ ಕೂತ್ರ ಮಾತ್ರ ನಾವು ತಿಳಕೊಂಡದ್ದು ಖರೆ. 11 ತಿಂಗಳಿಗೆ 800ರಂತೆ 8,800, ಅದಕ್ಕ 20,600 ಕೂಡಿಸಿದ್ರ 29,400. ಚೀಟಿಯಾಗೂ 29,400! ನಮ್ಮ ಹುಡುಗಿ ಚಪ್ಪಾಳಿ ಹೊಡದ್ಲು. ರೊಟ್ಟಿಯಾಕಿ ಬೆಪ್ಪಾಗಿ ನೋಡ್ತಿದ್ಲು.

ಬಡ್ಡಿ ಮ್ಯಾಲ ಬಡ್ಡಿ, ಅಂದ್ರ ಚಕ್ರಬಡ್ಡಿ, ಹಾಕಿದ್ರ ಹಿಂಗ ಕೂಡೂದಿಲ್ಲ. 20,000ಕ್ಕ ನಾಕರ ಚಕ್ರಬಡ್ಡಿ ಅಂದ್ರ ಮೊದಲ ತಿಂಗಳು 800, ಎರಡನೇ ತಿಂಗಳು 832, ಮೂರನೇದಕ್ಕ 865. ಹೆಜ್ಜಿ ಹೆಜ್ಜಿಗೆ ಏರಿಕಿ ದೊಡ್ಡದಾಗ್ತದ, ಗೆರಿ ಮ್ಯಾಲಕ್ಕ ಬಾಗ್ತದ. ಮೂರು ಚುಕ್ಕಿನೂ ನೆಟ್ಟಗ ಒಂದ ಸಾಲಿನ್ಯಾಗ ಇದ್ದದ್ದರಿಂದ ಆ ಬಾಯಿ ಚಕ್ರಬಡ್ಡಿ ಹಾಕಿಲ್ಲ ಅನ್ನೂದೂ ಗೊತ್ತಾತು. ಇಲ್ಲದ ತಪ್ಪು ಆಕಿ ಮ್ಯಾಲ ಹೊರಸಬಾರದಲ್ಲ.

ಇದನ್ನ ರೊಟ್ಟಿಯಾಕಿಗೆ ತಿಳಿಸಿ ಹೇಳಬೇಕಿತ್ತು. ಎಂ, ಸಿ ಅಂದ್ರ ಆಕಿ ಎದ್ದು ಹೋಗ್ತಿದ್ಲು. ನಾನು ಕೇಳಿದೆ: "ನೀನು ಲಗ್ನದ ಮನಿಗೆ ರೊಟ್ಟಿ ಮಾಡ್ಲಿಕ್ಕೆ ಹೋದ್ರ ಎಷ್ಟು ತಗೋತಿ?"

"ಬಂದು ಹೋಗೂದಕ್ಕ ಐವತ್ತ್ರಿ, ಮ್ಯಾಲ ರೊಟ್ಟಿಗೆ ಐದ ರೂಪಾಯಿ."

"40 ರೊಟ್ಟಿಗೆ?"

"ಎರಡನೂರಾ ಐವತ್ತು." ಕಣ್ಣು ಮುಚ್ಚಿ ತಗಿಯೂದ್ರಾಗ ಹೇಳಿದ್ಲು.

"60ಕ್ಕ?"

"ಮುನ್ನೂರಾ ಐವತ್ತು."

"ಯಾರರೆ ಬರೇ ಈ ಎರಡು ಸಂಖ್ಯೆ ನೋಡಿ ನಿನ್ನ ಐವತ್ತು ರೂಪಾಯಿ ಕಂಡು ಹಿಡೀಬಹುದೇನು?"

ತುಸು ಹೊತ್ತು ಸುಮ್ಮನ ಕೂತ್ಲು. ಹಿಟ್ಟಿನ ಕೈಲೇ ಬೆರಳು ಮಡಚಿದ್ಲು. "ಇಪ್ಪತ್ತು ರೊಟ್ಟಿ ಹೆಚ್ಚಾತು, ನೂರು ರೂಪಾಯಿ ಹೆಚ್ಚಾತು, ರೊಟ್ಟಿಗೆ ಐದು. ನಲವತ್ತು ರೊಟ್ಟಿಗೆ ಎರಡನೂರು. ಉಳದದ್ದು ಐವತ್ತು... ಅಯ್ಯ, ಸಿಗತೈತಲ್ರಿ!" ಅಂದ್ಲು. ಆಮ್ಯಾಲ ಚೀಟಿ ಕಡೆ ನೋಡಿದ್ಲು. "ಹಂಗಂದ್ರ ಆ ಆರನೂರು, ಆಕಿದು ಬಂದು ಹೋಗೂ ಖರ್ಚು ಅನ್ರಿ. ಎಲ್ಲೆ ಬಂದಿದ್ಲು ಆಕಿ? ನಾನ ಆಕಿ ಮನಿಗೆ ಹೋಗಿದ್ದೆ!"

ಲೆಕ್ಕ ಬರೂದಿಲ್ಲ ಅಂದಾಕಿ ಇಷ್ಟು ವರ್ಷ ಇದ ಲೆಕ್ಕದ ಮ್ಯಾಲ ಹೊಟ್ಟಿ ಹೊರಕೊಂಡು ಬಂದಾಳ. ನೆಂಟರ ಮನಿಗೆ, ಮಠಕ್ಕ, ಲಗ್ನಕ್ಕ ರೊಟ್ಟಿ ಲೆಕ್ಕ ಒಂದು ದಿನ ತಪ್ಪಿಲ್ಲ. ರೊಕ್ಕಾ ತಗೊಳ್ಳೋ ಕಡೆ ಕೂತಾಗ ಬರೋ ಲೆಕ್ಕ, ಕೊಡೋ ಕಡೆ ಕೂತಾಗ ಬರೂದಿಲ್ಲ. ಅಂಜಿಕಿ ಬುದ್ಧಿನ ಮುಚ್ಚಿಬಿಡ್ತದ. ನಮಗೆಲ್ಲಾ ಹಂಗ ಆಗ್ತದ ನೋಡ್ರಿ. ಬ್ಯಾಂಕಿನ ಕೌಂಟರ್ ಮುಂದ, ಬಂಗಾರದ ಅಂಗಡಿಯಾಗ, ಆಸ್ಪತ್ರಿ ಬಿಲ್ಲಿನ ಮುಂದ "ನಮಗೇನು ತಿಳೀತದ" ಅಂತ ಸಹಿ ಹಾಕಿ ಬರ್ತೀವಿ.

ಆಕಿ ಮರುದಿನ ಆ ಬಾಯಿ ಮನಿಗೆ ಹೋದ್ಲು. ಜಗಳ ತಗೀಬ್ಯಾಡ, ಎರಡ ಪ್ರಶ್ನೆ ಕೇಳು ಅಂತ ಹೇಳಿ ಕಳಿಸಿದ್ದೆ. ಶುರುವಿನ 600 ಯಾವುದರದು? ತಿಂಗಳಿಗೆ 600 ಬಿಟ್ಟು 800 ಯಾಕ? ಆ ಬಾಯಿ ಮೊದಲು "ಯಾವ ಆರನೂರು?" ಅಂದ್ಲಂತ. ಅಂದೇ ಅಂತಾಳಲ್ಲ, ಯಾವ ಚೀಟಿಯಾಗೂ 600 ಅಂತ ಬರದಿಲ್ಲ. ಈಕಿ ಗ್ರಾಫ್ ಹಾಳಿ ತಗದು ಗೆರಿ ಉದ್ದಗೆರಿಗೆ ಮುಟ್ಟಿದ ಜಾಗಾದಾಗ ಬೆರಳು ಇಟ್ಟಾಳ. ಆಮ್ಯಾಲ "ಕಾಗದದ ಖರ್ಚು" ಅಂತ ಬಂತು. "ಈಗ ಎಲ್ಲಾರೂ ನಾಕ ತಗೋತಾರ" ಅಂತ ಬಂತು. ಅರ್ಧಾ ತಾಸು ಮಾತಾಗಿ, 12ನೇ ತಿಂಗಳಿಗೆ 30,200 ಕೊಡಬೇಕಾದಲ್ಲಿ 28,000ಕ್ಕ ಮುಗೀತು. ಬಾಯಿಮಾತಿನ ಪ್ರಕಾರ ಆಗಬೇಕಾದದ್ದು 27,200. ಪೂರಾ ನ್ಯಾಯ ಆತು ಅಂತ ನಾನು ಹೇಳೂದಿಲ್ಲ, 800 ಹೋತು. ಆದ್ರ 2,200 ಉಳೀತು. ಭಿಶಿ ರೊಕ್ಕಕ್ಕ ಸರಿಯಾಗಿ ತೀರಿತು. ಹೊಸ ಸಾಲ ಮಾಡಿ ಹಳೇ ಸಾಲ ತೀರಸೂದು ತಪ್ಪಿತು, ಅದು ದೊಡ್ಡದು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ತಿಂಗಳಿಗೆ ನೂರಕ್ಕ ಮೂರು ಅಂದ್ರ ವರ್ಷಕ್ಕ ನೂರಕ್ಕ 36. ನಾಕು ಅಂದ್ರ 48. ಬಾಯಾಗ ಹೇಳೂವಾಗ ಮೂರು, ನಾಕು ಅಂತ ಸಣ್ಣದು ಕಾಣಸ್ತದ. ಬಡ್ಡಿ ವ್ಯವಹಾರ ಮಾಡಬೇಕಂದ್ರ ಲೈಸನ್ಸ್ ಬೇಕು ಅಂತ ನಮ್ಮ ರಾಜ್ಯದಾಗ 1961ರ ಕಾಯ್ದೆ ಅದ. ವಿಪರೀತ ಬಡ್ಡಿ ತಗೋಬಾರದು ಅಂತ 2004ರ ಕಾಯ್ದೆನೂ ಅದ. ಓಣಿಯಾಗ ಕೈಗಡ ತಗೊಳ್ಳೋ ಹೆಣ್ಣುಮಕ್ಕಳಿಗೆ ಇವು ಇದ್ದಾವ ಅನ್ನೂದರೆ ಗೊತ್ತಿರಲಿ.

ನಮ್ಮ ಯಜಮಾನರು ಇದನ್ನೆಲ್ಲಾ ಕೇಳಿ "ಇದು ನಮ್ಮ ಹಿರೇರ ತ್ರೈರಾಶಿನ ಅಲ್ಲೇನು?" ಅಂದ್ರು. ಹೌದು, ಅಲ್ಲ. 5 ತೆಂಗಿನಕಾಯಿಗೆ ಇಷ್ಟಾದ್ರ 8ಕ್ಕ ಎಷ್ಟು ಅನ್ನೂದು ತ್ರೈರಾಶಿ. ಅಲ್ಲೆ ಸೊನ್ನಿ ಕಾಯಿಗೆ ಸೊನ್ನಿ ರೂಪಾಯಿ, ಶುರುವಿನ ಸಂಖ್ಯೆ ಇರೂದಿಲ್ಲ, ಗೆರಿ ಮೂಲಿಯಿಂದಾನ ಹೊಂಡ್ತದ. ಶುರುವಿಗೇ ಒಂದಿಷ್ಟು ಕೂತಿದ್ರ ಬರೇ ತ್ರೈರಾಶಿ ಹಾದಿ ತಪ್ಪಸ್ತದ. ರೊಟ್ಟಿಯಾಕಿಯ 350, 267 ಹಂಗ ತಪ್ಪಿದ್ದು. ಆದ್ರ ಬಡ್ಡಿ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಾಗ, ಅಂದ್ರ 9ನೇ ಶತಮಾನದಾಗ, ಮಹಾವೀರಾಚಾರ್ಯ ಅನ್ನೋ ಜೈನ ಪಂಡಿತ ಸಂಸ್ಕೃತದಾಗ ಗಣಿತಸಾರಸಂಗ್ರಹ ಬರದಾನ. ಅದರಾಗ ಅಸಲು, ಬಡ್ಡಿ, ಅವಧಿ ಬೆರಸಿ ಕೇಳೋ ಲೆಕ್ಕಕ್ಕ ಒಂದು ಅಧ್ಯಾಯಾನ ಅದ, ಮಿಶ್ರಕ ವ್ಯವಹಾರ ಅಂತ. 12ನೇ ಶತಮಾನದಾಗ ರಾಜಾದಿತ್ಯ ಕನ್ನಡದಾಗ ವ್ಯವಹಾರಗಣಿತ ಅಂತ ಬರದ. ಅಂದ್ರ ಸಾವಿರ ವರ್ಷದ ಹಿಂದೂ ಬಡ್ಡಿ ಇತ್ತು, ಲೆಕ್ಕ ಕೇಳವರೂ ಇದ್ರು.

ಇನ್ನ ಎಲ್ಲಾದಕ್ಕೂ ಈ ಪಟ್ಟಿ ಹಚ್ಚಬ್ಯಾಡ್ರಿ. ಗೆರಿ ನೆಟ್ಟಗಿದ್ದಲ್ಲಿ ಮಾತ್ರ ನಡೀತದ. ದೀಪಾವಳಿಗೆ ಮನಿ ತುಂಬ ಮಂದಿ ಬಂದು ಚಕ್ಕಲಿ, ಶಂಕರಪಾಳಿ ಅಂತ ಎರಡು ದಿನ ಒಲಿ ಆರಲಾರದಂಗ ಉರದ್ರ ಸಿಲಿಂಡರಿನ ಗೆರಿ ಅಲ್ಲೇ ಮುರೀತದ. ಬೆಂಗಳೂರಿನ ಆಟೊ ನೋಡ್ರಿ. 2025ರ ಆಗಸ್ಟಿನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದ ಕಿಲೋಮೀಟರಿಗೆ 18. ಒಂದು ಕಿಲೋಮೀಟರ್ ಹೋದ್ರೂ 36, ಎರಡು ಹೋದ್ರೂ 36, ಅಲ್ಲೀತನಕ ಗೆರಿ ಮಲಗೇದ. ಎರಡು ದಾಟಿದ ಮ್ಯಾಲ ಏಳ್ತದ. 1 ಕಿಲೋಮೀಟರಿನ 36, 5 ಕಿಲೋಮೀಟರಿನ 90 ಹಿಡದು ಲೆಕ್ಕ ಮಾಡಿದ್ರ ಕಿಲೋಮೀಟರಿಗೆ 13 ರೂಪಾಯಿ 50 ಪೈಸೆ ಅಂತ ಬರ್ತದ, ಅದು ತಪ್ಪು. 5ರ 90, 8ರ 144 ಹಿಡೀರಿ, 18 ಸರಿಯಾಗಿ ಬರ್ತದ. ಎರಡೂ ಚುಕ್ಕಿ ಗೆರಿಯ ಒಂದ ತುಂಡಿನ ಮ್ಯಾಲ ಇರಬೇಕು. ಅದಕ್ಕ ಮೂರನೇ ಚುಕ್ಕಿ ಬೇಕು ಅಂತ ಮತ್ತ ಮತ್ತ ಹೇಳೂದು.

ಹಾಳಿ ಮ್ಯಾಲ ಇಷ್ಟು ಬರಕೊಂಡು ಅಡಗಿ ಮನಿ ಕಪಾಟಿನ ಒಳಗ ಹಚ್ರಿ. ಮೊದಲು, ಎರಡು ಬ್ಯಾರೆ ಬ್ಯಾರೆ ಹೊತ್ತಿನ ಲೆಕ್ಕ ಹಿಡೀರಿ, ತಾರೀಖು ಸಹಿತ. ಎರಡು ಒಟ್ಟಿನಾಗಿನ ಅಂತರ ತಗೀರಿ, ಎರಡು ಹೊತ್ತಿನಾಗಿನ ಅಂತರ ತಗೀರಿ. ಮೊದಲನೇದನ್ನ ಎರಡನೇದರಿಂದ ಭಾಗಿಸ್ರಿ, ಅದು ಇಳಿಜಾರು. ಕಳಿಯೂವಾಗ ಎರಡೂ ಕಡೆ ಒಂದ ಸರದಿ ಇರಲಿ. ಮ್ಯಾಲ ನಂತರದ್ದರಾಗ ಮೊದಲಿನದು ಕಳದ್ರ ಕೆಳಗೂ ಹಂಗ ಕಳೀರಿ, ಇಲ್ಲಾಂದ್ರ ಏರೋದು ಇಳಿಯೋದು ಅದಲುಬದಲು ಆಗ್ತದ. ಆಮ್ಯಾಲ ಯಾವುದರೆ ಒಂದು ಒಟ್ಟು ತಗೊಂಡು, ಆ ಹೊತ್ತಿನತನಕ ಏರಿದ್ದನ್ನ ಕಳೀರಿ, ಇಳದಿದ್ರ ಕೂಡಿಸ್ರಿ. ಉಳದದ್ದು ಶುರುವಿನ ಸಂಖ್ಯೆ. ಕಡೀಕ ಮೂರನೇ ಲೆಕ್ಕ ಹಾಕಿ ಪರೀಕ್ಷಾ ಮಾಡ್ರಿ.

ರೊಟ್ಟಿಯಾಕಿ ಈಗ ಯಾರ ಕಡೆ ಏನು ತಗೊಂಡ್ರೂ ಮೊದಲ ದಿನಾನ ನಮ್ಮ ಹುಡುಗಿ ಕೈಲೆ ಒಂದು ಚೀಟಿ ಬರಸ್ಕೋತಾಳ. "ಶುರುವಿಂದು ಹಾಕವ್ವಾ ಮೊದಲ" ಅಂತಾಳ. ನಮ್ಮ ಓಣಿಯ ಇನ್ನಿಬ್ಬರು ತಮ್ಮ ತಮ್ಮ ಚೀಟಿ ತಗೊಂಡು ಬಂದಿದ್ರು. ಒಬ್ಬಾಕಿದು ಸರಿಯಾಗಿತ್ತು, ಸಮಾಧಾನದಲೆ ಮನಿಗೆ ಹೋದ್ಲು. ಇನ್ನೊಬ್ಬಾಕಿದು ಮೂರನೇ ಚುಕ್ಕಿ ಗೆರಿ ಬಿಟ್ಟು ಮ್ಯಾಲ ಕೂತದ, ಅದರ ವಿಚಾರ ಇನ್ನೂ ನಡದದ.

ನಿಮಗೂ ಒಂದು ಲೆಕ್ಕ ಕೊಟ್ಟು ಮುಗಸ್ತೀನಿ. ಮನ್ಯಾಗ ಕುಬಸ ಅದ ಅನ್ನಕೋರಿ. ಅಡಗಿಯವರು 40 ಮಂದಿಗೆ 9,000 ಹೇಳ್ಯಾರ, 100 ಮಂದಿಗೆ 18,000 ಹೇಳ್ಯಾರ. ನಿಮ್ಮ ಮನಿಗೆ ಬರವರು 65 ಮಂದಿ. ಎಲಿಗೆ ಎಷ್ಟು ಹಿಡದಾರ, ಬರೇ ಒಲಿ ಹೂಡಲಿಕ್ಕೆ ಎಷ್ಟು ಹಿಡದಾರ, ನೀವು ಕೊಡಬೇಕಾದದ್ದು ಎಷ್ಟು? ಮೊದಲು ಫೋನ್ ಮಾಡಿ ಸರಿ ಉತ್ತರ ಹೇಳಿದವರಿಗೆ ನಮ್ಮ ಮನ್ಯಾಗ ಚಹಾ, ಅವಲಕ್ಕಿ. ವೈನಿ, ನಿಮಗೂ ಸೇರಿಸೇ ಹೇಳೀನಿ.